ಮೂರನೆಯ ಮಗುವಿನ ಮಾತು

ಫೆಬ್ರವರಿ 6

ಇವಳೇ,

ದೋಣಿಯವ ಕೆಳಗೆ ನಿಂತು ಅವಸರ ಮಾಡುತ್ತಿದ್ದಾನೆ. ಮಾಡಲಿ. ಹದಿನೈದು ದಿನಕ್ಕೊಮ್ಮೆ ಬರುವವನು ಅರ್ಧ ಗಂಟೆ ಕಾದರೆ ಸವೆದುಹೋಗುವುದಿಲ್ಲ. ಇವತ್ತು ನಾಲ್ಕು ಸಾಲಿಗೆ ಮುಗಿಸುವ ಪತ್ರವಲ್ಲ ಇದು.

ಇಲ್ಲಿ ದ್ವೀಪದಲ್ಲಿ ಎಲ್ಲ ಎಂದಿನಂತೆ. ಬೆಳಿಗ್ಗೆ ದೀಪದ ಗಾಜುಗಳನ್ನು ಒರೆಸಿ, ಯಂತ್ರಕ್ಕೆ ಎಣ್ಣೆ ಹಾಕಿ, ನೂರ ಹನ್ನೆರಡು ಮೆಟ್ಟಿಲು ಇಳಿದರೆ ಟೀ. ದೀಪಸ್ತಂಭಕ್ಕೆ ನಾವಿಬ್ಬರೇ ಕಾವಲು: ನಾನು ಮತ್ತು ಹಿರಿಯರು. ಅವರ ಮಾತು ಮಾತ್ರ ಹತ್ತು ಜನಕ್ಕೆ ಸಾಕಾಗುವಷ್ಟು. ‘ನಮ್ಮ ಕಾಲದ ಗಂಡಸರು’ ಎಂದು ಶುರುಮಾಡಿದರೆ ಟೀ ಆರುವವರೆಗೆ ನಿಲ್ಲುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಜೂನ್‌ನಲ್ಲಿ ಒಂದು ತಿಂಗಳ ರಜೆ ಮಂಜೂರಾಗಿದೆ. ಪುಟ್ಟಿ ಹುಟ್ಟಿದಾಗ ಡಾಕ್ಟರಮ್ಮ ಮೂರು ವರ್ಷ ಅಂತರ ಇರಲಿ ಎಂದಿದ್ದರಲ್ಲ, ಈಗ ಅವಳಿಗೆ ಐದು. ಇನ್ನು ಮೂರನೆಯದರ ಬಗ್ಗೆ ಯೋಚಿಸೋಣ. ಅಮ್ಮನಿಗೂ ಮೊಮ್ಮಗನ ಮುಖ ನೋಡುವ ಆಸೆ ಇದ್ದೇ ಇರುತ್ತದೆ, ಬಾಯಿ ಬಿಟ್ಟು ಹೇಳದಿದ್ದರೂ. ಹಿರಿಯರಿಗೆ ಹೇಳಿದೆ. ಈಗಲೇ ಬೆನ್ನು ತಟ್ಟಿಬಿಟ್ಟರು.

ದೊಡ್ಡವಳ ಲೆಕ್ಕದ ಪರೀಕ್ಷೆ ಏನಾಯಿತು, ಬರೆ.

ನಿನ್ನವನು


ಫೆಬ್ರವರಿ 18

ಇವರೇ,

ಪತ್ರ ಬಂತು. ಅತ್ತೆ ಚೆನ್ನಾಗಿದ್ದಾರೆ. ದೊಡ್ಡವಳು ಲೆಕ್ಕದಲ್ಲಿ ಪಾಸು. ಆದರೆ ಭಾಗಾಕಾರ ಕಂಡುಹಿಡಿದವನು ಸಿಕ್ಕರೆ ಎರಡು ಮಾತು ಕೇಳುತ್ತಾಳಂತೆ. ಪುಟ್ಟಿ ಶಾಲೆಯಿಂದ ಬರುವಾಗ ದಿನಾ ಒಂದು ಕಲ್ಲು ತರುತ್ತಾಳೆ. ಕಿಟಕಿಯ ಕಟ್ಟೆ ತುಂಬಿ ಈಗ ನಿಮ್ಮ ಬೂಟಿನೊಳಗೆ ಹಾಕಲು ಶುರುಮಾಡಿದ್ದಾಳೆ.

ಕಾರ್ಖಾನೆಯಲ್ಲಿ ಒಂದು ಸಂಗತಿ. ಬಾಟಲಿ ತಪಾಸಣೆಯ ಮೇಜಿಗೆ ಮೇಲ್ವಿಚಾರಕಿಯಾಗುತ್ತೀಯಾ ಎಂದು ಮ್ಯಾನೇಜರು ಕೇಳಿದ್ದಾರೆ. ಎಂಟು ಜನ ಹೆಂಗಸರು ನನ್ನ ಕೈಕೆಳಗೆ. ಬೆಳಕಿನ ಪರದೆಯ ಮುಂದೆ ಬಾಟಲಿಗಳು ಸಾಲಾಗಿ ಬರುವಾಗ ಬಿರುಕು, ಗುಳ್ಳೆ, ಸೊಟ್ಟ ಕುತ್ತಿಗೆ ಎಲ್ಲ ನನ್ನ ಕಣ್ಣಿಗೆ ಮೊದಲು ಬೀಳುತ್ತವಂತೆ. ಒಂಬತ್ತು ವರ್ಷವಾದ ಮೇಲೆ ಅವರಿಗೆ ಇದು ಗೊತ್ತಾಗಿದೆ. ಜುಲೈಯಿಂದ ಶುರು.

ಈಚೆಗೆ ಸ್ವಲ್ಪ ಸುಸ್ತು. ನಿಂತು ಮಾಡುವ ಕೆಲಸವಲ್ಲವೇ.

ನಿಮ್ಮ ಆ ಇನ್ನೊಂದು ಮಾತಿನ ಬಗ್ಗೆ ನಿಧಾನವಾಗಿ ಬರೆಯುತ್ತೇನೆ.

ನಿಮ್ಮವಳು


ಮಾರ್ಚ್ 6

ಇವಳೇ,

‘ಆ ಇನ್ನೊಂದು ಮಾತು’ ಎಂದು ಬರೆದಿದ್ದನ್ನು ಓದಿ ನಗು ಬಂತು. ಮದುವೆಯಾಗಿ ಹನ್ನೊಂದು ವರ್ಷವಾದರೂ ನಿನ್ನ ನಾಚಿಕೆ ಹೋಗಲಿಲ್ಲ. ಇರಲಿ, ನೀನು ಬೇಡ ಎನ್ನಲಿಲ್ಲವಲ್ಲ, ನನಗೆ ಅಷ್ಟು ಸಾಕು.

ಮೇಲ್ವಿಚಾರಣೆಯ ಕೆಲಸ ಮಾತ್ರ ಒಪ್ಪಿಕೊಳ್ಳಬೇಡ. ಜುಲೈನಲ್ಲಿ ಶುರುಮಾಡಿ, ಮುಂದಿನ ವರ್ಷ ಹೊಟ್ಟೆ ಹೊತ್ತುಕೊಂಡು ಎಂಟು ಜನರ ಹಿಂದೆ ಓಡಾಡುವುದಕ್ಕಾಗುತ್ತದೆಯೇ? ಈಗಲೇ ಸುಸ್ತು ಎನ್ನುತ್ತೀಯ. ಮ್ಯಾನೇಜರಿಗೆ ಹೇಳಿಬಿಡು: ಮನೆಯವರು ಬೇಡ ಅಂದರು ಅಂತ.

ಪುಟ್ಟಿಗೆ ಇಲ್ಲಿಂದ ಒಂದು ಕಪ್ಪು ಕಲ್ಲು ಕಳಿಸಿದ್ದೇನೆ. ಬೂಟಿಗೆ ಹಾಕುವುದು ಬೇಡ ಎಂದು ಹೇಳು.

ನಿನ್ನವನು


ಮಾರ್ಚ್ 17

ಇವರೇ,

ಇದು ನಾಚಿಕೆಯಲ್ಲ. ಮೂರು ಸಲ ಬರೆದು ಹರಿದಿದ್ದೇನೆ. ಇದು ನಾಲ್ಕನೆಯದು, ಹರಿಯುವುದಿಲ್ಲ.

ಪುಟ್ಟಿ ಹುಟ್ಟಿದಾಗ ನನಗೆ ರಕ್ತ ನಿಲ್ಲಲಿಲ್ಲ. ‘ಸ್ವಲ್ಪ ತೊಂದರೆಯಾಯಿತು’ ಎಂದು ನಿಮಗೆ ಬರೆದಿದ್ದೆ. ಸ್ವಲ್ಪವಲ್ಲ. ಇಬ್ಬರ ರಕ್ತ ಕೊಟ್ಟರು. ಮೂರು ದಿನ ನನಗೆ ಮಗುವನ್ನು ನೋಡಿದ ನೆನಪಿಲ್ಲ. ಡಾಕ್ಟರಮ್ಮ ಹೇಳಿದ್ದು ಮೂರು ವರ್ಷ ಅಂತರವಲ್ಲ. ‘ಇನ್ನೊಂದು ಬೇಡಮ್ಮ, ಎರಡಾಯ್ತಲ್ಲ’ ಅಂದರು. ಮೂರು ವರ್ಷ ಅನ್ನುವುದು ನಾನು ಕಟ್ಟಿದ್ದು. ಮೂರು ವರ್ಷದಲ್ಲಿ ನೀವೇ ಮರೆಯುತ್ತೀರಿ ಎಂದುಕೊಂಡಿದ್ದೆ.

ಪುಟ್ಟಿಗೆ ಹತ್ತು ತಿಂಗಳಾದಾಗ ನಾನು ಕಾಪರ್-ಟಿ ಹಾಕಿಸಿಕೊಂಡೆ. ನಾಲ್ಕು ವರ್ಷ ದಾಟಿದೆ. ನೀವು ಎರಡು ಸಲ ರಜೆಗೆ ಬಂದುಹೋದಿರಿ, ಹೇಳಲಿಲ್ಲ. ಬಾಯಿಗೆ ಬಂದಿತ್ತು, ಆದರೆ ನೀವು ಬರುವುದೇ ಅಪರೂಪ, ಬಂದಾಗ ಮನೆ ತುಂಬ ನಗು. ಅದನ್ನು ಯಾಕೆ ಕೆಡಿಸಲಿ ಅನ್ನಿಸುತ್ತಿತ್ತು. ನಿಮಗೆ ಗಂಡುಮಗುವಿನ ಆಸೆ, ನನಗೆ ಗೊತ್ತು. ಬೇಡ ಎಂದರೆ ಬೇಸರ ಮಾಡಿಕೊಳ್ಳುತ್ತೀರಿ, ಹೂಂ ಎಂದರೆ ನನ್ನ ಜೀವ ಹೆದರುತ್ತದೆ.

ಮೇಲ್ವಿಚಾರಣೆಗೆ ಒಪ್ಪಿಕೊಂಡಿದ್ದೇನೆ. ಮನೆಯವರು ಏನಂದರು ಎಂದು ಮ್ಯಾನೇಜರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿಮ್ಮವಳು


ಏಪ್ರಿಲ್ 14

ಇವರೇ,

ಈ ತಿಂಗಳು ದೋಣಿ ಬಂದುಹೋಯಿತು. ದೋಣಿಯವ ಹಿರಿಯರ ಕಾಗದವನ್ನು ಅವರ ಮನೆಗೆ ಕೊಟ್ಟು, ನಮ್ಮ ಬಾಗಿಲಿಗೆ ಬಂದು ಬರಿಗೈ ತೋರಿಸಿದ. ‘ಹುಷಾರಾಗಿದ್ದಾರಾ?’ ಎಂದು ಕೇಳಿದೆ. ‘ಹುಷಾರಾಗಿದಾರಮ್ಮ, ಆದ್ರೆ ಮುಖ ಊದಿಸ್ಕೊಂಡಿದಾರೆ’ ಅಂದ. ಹುಷಾರಾಗಿದ್ದೀರಿ ಎಂದು ತಿಳಿಯಿತು, ಅಷ್ಟು ಸಾಕಾಯಿತು.

ಮಕ್ಕಳು ಅಪ್ಪನ ಕಾಗದ ಎಲ್ಲಿ ಎಂದರೆ ಸಮುದ್ರ ಜೋರಿದೆ ಎಂದು ಹೇಳಿದ್ದೇನೆ.

ನಿಮ್ಮವಳು


ಮೇ 1

ಸಮುದ್ರ ಜೋರಿಲ್ಲ. ನಿನಗೂ ಗೊತ್ತು.

ನಾಲ್ಕು ವರ್ಷ ನನ್ನ ಮುಂದೆ ಊಟ ಬಡಿಸಿದೆ, ನಕ್ಕೆ, ಜೊತೆಯಲ್ಲಿ ಮಲಗಿದೆ. ಒಂದು ಮಾತು ಹೇಳಲಿಲ್ಲ. ಇನ್ನೊಂದು ಹೆರಿಗೆ ಮೈಗೆ ಆಗುವುದಿಲ್ಲ ಎಂದು ಅಂದೇ ಹೇಳಿದ್ದರೆ ನಾನೇನು ಬೇಡ ಎನ್ನುತ್ತಿದ್ದೆನೇ? ನನ್ನನ್ನು ಏನೆಂದು ತಿಳಿದೆ? ನನ್ನ ಮಾತು ಬಿಡು. ಅದೇ ಮನೆಯಲ್ಲಿ ಒಂದು ಹಿರಿಯ ಜೀವವಿದೆ. ಮೊಮ್ಮಗನಿಗಾಗಿ ಕಾದು ಕೂತಿದೆ. ಅವಳ ಕಣ್ಣಿಗೂ ಮಣ್ಣೆರಚಿದೆಯಲ್ಲ. ಇದನ್ನು ಅಮ್ಮನಿಗೆ ನಾನು ಯಾವ ಬಾಯಲ್ಲಿ ಹೇಳಲಿ?

ಜೂನ್ ರಜೆಗೆ ಬರುವುದೋ ಬೇಡವೋ ಯೋಚಿಸುತ್ತಿದ್ದೇನೆ.


ಮೇ 12

ಇವರೇ,

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಪೂರ್ತಿ, ಒಂದಕ್ಷರ ಬಿಡದೆ. ಅವರು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ‘ಪೆನ್ನು ತಗೋ’ ಅಂದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ:

‘ಲೋ, ಮೊಮ್ಮಗ ಬೇಕು ಅಂತ ನಾನು ಯಾವತ್ತು ಅಂದೆ? ಯಾವ ವಾರ, ಯಾವ ಹೊತ್ತು ಅಂತ ಹೇಳು ನೋಡೋಣ. ನೀನೇ ನನ್ನ ಬಾಯಿಗೆ ತುರುಕಿದ ಮಾತು ಅದು. ಅದನ್ನ ಹಾಕಿಸೋಕೆ ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೇ ನಾನು. ಅಲ್ಲಿ ಒಂದು ಕಾಗದ ಕೊಟ್ರು, ಗಂಡನ ಸಹಿ ಬೇಕು ಅಂದ್ರು. ಅವನು ಸಮುದ್ರದ ಮಧ್ಯೆ ಕೂತಿದಾನೆ, ಸಹಿ ಹಾಕೋ ಆ ಕೈಯನ್ನ ಹೆತ್ತವಳೇ ನಾನು, ಅವನ ಸಹಿಗಿಂತ ನನ್ನ ಹೆಬ್ಬೆಟ್ಟು ಏನು ಕಮ್ಮಿ ಅಂದೆ. ನರ್ಸಮ್ಮ ನಕ್ಕು ಇಂಕು ಕೊಟ್ಟಳು. ಒತ್ತಿದೆ. ಅವಳು ನನ್ನ ಹೆಸರು ಎಲ್ಲೂ ಎತ್ತಿಲ್ಲ ನೋಡು, ನಿನಗೂ ನನಗೂ ಜಗಳ ಆಗಬಾರದು ಅಂತ.

ನಾನು ಆರು ಹೆತ್ತೆ. ನಿನಗೆ ಗೊತ್ತಿರೋದು ಮೂರು. ಪ್ರತಿ ಸಲ ನಿಮ್ಮಪ್ಪನ ಹತ್ರ ಇನ್ನು ಸಾಕು ಅಂತ ಹೇಳೋಕೆ ಬಾಯಿ ತೆಗೀತಿದ್ದೆ. ಅವರು ಪೇಪರ್ ಮಗುಚೋರು. ಒಳ್ಳೇ ಮನುಷ್ಯರೇ, ಒಂದು ದಿನ ಕೈ ಎತ್ತಿದವರಲ್ಲ. ಆದ್ರೆ ಪೇಪರ್ ಮಗುಚೋರು. ನೀನು ಹಾಗಾಗಬೇಡ. ರಜೆಗೆ ಬಾ. ಬರದೇ ಇದ್ರೆ ನಾನೇ ದೋಣಿ ಹತ್ತಿ ಬರ್ತೀನಿ, ಆಮೇಲೆ ನಿನ್ನ ಹಿರಿಯರ ಮುಂದೆ ಮಾನ ಹೋದ್ರೆ ನನ್ನ ಕೇಳಬೇಡ.’

ಇಷ್ಟು ಅತ್ತೆಯ ಮಾತು. ಇನ್ನು ನನ್ನದು.

ಸುಸ್ತು ಎಂದು ಬರೆದಿದ್ದೆನಲ್ಲ, ಅದು ನಿಂತು ಕೆಲಸ ಮಾಡಿದ್ದಕ್ಕಲ್ಲ. ಐದಾರು ತಿಂಗಳಿಂದ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆ. ಕಳೆದ ವಾರ ಬಾಟಲಿಗಳ ಮುಂದೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ರಕ್ತ ತೀರಾ ಕಮ್ಮಿಯಾಗಿದೆ ಎಂದು ಕಾಪರ್-ಟಿ ತೆಗೆದುಬಿಟ್ಟರು. ನನ್ನ ಬಿಪಿಗೆ ಗರ್ಭ ತಡೆಯುವ ಮಾತ್ರೆ ಸರಿಹೋಗುವುದಿಲ್ಲವಂತೆ. ಉಳಿದದ್ದು ಎರಡು ದಾರಿ. ರಕ್ತ ಏರಿದ ಮೇಲೆ ನನಗೆ ಆಪರೇಷನ್, ಇಲ್ಲವೇ ನಿಮಗೆ. ‘ಗಂಡಸರದ್ದು ಸಣ್ಣ ಕೆಲಸ, ಅರ್ಧ ಗಂಟೆ, ಅವತ್ತೇ ಮನೆಗೆ ಹೋಗಬಹುದು’ ಅಂದರು. ನನ್ನ ಮುಖ ನೋಡಿ, ‘ಕೇಳಿ ನೋಡಮ್ಮ, ಕೇಳೋದ್ರಲ್ಲಿ ತಪ್ಪೇನು’ ಅಂದರು.

ಕೇಳುತ್ತಿದ್ದೇನೆ.

ನಿಮ್ಮವಳು


ಮೇ 29

ಇವಳೇ,

ಏನು ಬರೆಯಬೇಕೋ ತಿಳಿಯದೆ ದೋಣಿಯವನನ್ನು ಎರಡು ಗಂಟೆ ಕೂರಿಸಿದ್ದೇನೆ. ಅವನು ನಮ್ಮ ಬಿಸ್ಕತ್ತಿನ ಡಬ್ಬ ಖಾಲಿ ಮಾಡಿದ.

ಮೊದಲು ನಿನ್ನ ಆರೋಗ್ಯ. ಕಬ್ಬಿಣದ ಮಾತ್ರೆ ತಪ್ಪಿಸಬೇಡ. ಇಬ್ಬರ ರಕ್ತ ಕೊಟ್ಟರು ಅನ್ನುವ ಸಾಲನ್ನು ಮಾರ್ಚ್‌ನಲ್ಲಿ ಓದಿದ್ದೆ, ಆದರೆ ಕೋಪದ ಕಣ್ಣಲ್ಲಿ ಓದಿದ್ದೆ. ನಿನ್ನೆ ಮತ್ತೆ ಓದಿದೆ. ಆ ಮೂರು ದಿನ ನಾನಿಲ್ಲಿ ಮೀನು ಹಿಡಿಯುತ್ತಾ ಕೂತಿದ್ದೆ.

ನಿನ್ನದೂ ಒಂದು ತಪ್ಪು ತಿಳಿವಳಿಕೆ ಇದೆ. ನನಗೆ ಗಂಡುಮಗುವಿನ ಆಸೆ ಎಂದೆ. ಅಮ್ಮನ ಹೆಸರು ಹೇಳಿ ಮೊಮ್ಮಗ ಎಂದು ಬರೆದವನು ನಾನೇ, ನಿನ್ನ ತಪ್ಪಿಲ್ಲ. ನಿಜ ಬರೆಯಲು ಮುಜುಗರವಾಗಿ ಹಾಗೆ ಬರೆದೆ. ನಿಜ ಏನೆಂದರೆ, ದೊಡ್ಡವಳನ್ನು ನಾನು ಮೊದಲು ನೋಡಿದ್ದು ನಾಲ್ಕು ತಿಂಗಳಿಗೆ. ಪುಟ್ಟಿಯನ್ನು ಏಳು ತಿಂಗಳಿಗೆ. ನನ್ನ ಮೀಸೆ ನೋಡಿ ಕಿಟಾರನೆ ಕಿರುಚಿದಳು, ನೆನಪಿದೆಯಾ? ಇಬ್ಬರೂ ನಡೆದದ್ದು, ಮೊದಲ ಮಾತು ಆಡಿದ್ದು, ಎಲ್ಲ ನಾನು ಕಾಗದದಲ್ಲಿ ಓದಿದ್ದು. ಇನ್ನೊಂದು ಹುಟ್ಟಿದರೆ ಏನಾದರೂ ಮಾಡಿ ರಜೆ ಹಾಕಿ, ಹುಟ್ಟಿದ ದಿನವೇ ಎತ್ತಿಕೊಳ್ಳಬೇಕು ಎಂದಿತ್ತು. ಗಂಡೋ ಹೆಣ್ಣೋ ನಾನು ಯೋಚಿಸಿಯೇ ಇರಲಿಲ್ಲ. ಅದಕ್ಕೆ ನಿನ್ನ ಜೀವ ಪಣವಿಡಬೇಕು ಅನ್ನುವುದನ್ನೂ ಯೋಚಿಸಿರಲಿಲ್ಲ.

ಇನ್ನು ನೀನು ಕೇಳಿದ್ದು. ನಿನ್ನ ಪತ್ರ ಓದಿ ಹಿರಿಯರ ಮುಂದೆ ಹಾರಾಡಿದೆ. ‘ನಂಗೆ ಆಪರೇಷನ್ ಮಾಡಿಸ್ಕೋ ಅಂತಾಳೆ! ಆಮೇಲೆ ಈ ಮೆಟ್ಟಿಲು ಹತ್ತೋನು ಯಾರು?’ ಎಂದೆ. ‘ನಮ್ಮ ಕಾಲದ ಗಂಡಸರು’ ಶುರುವಾಗುತ್ತದೆ, ನನ್ನ ಪರ ಮಾತಾಡುತ್ತಾರೆ ಎಂದುಕೊಂಡೆ. ಅವರು ಹಿತ್ತಾಳೆ ಹಿಡಿಕೆ ಉಜ್ಜುತ್ತಲೇ ಇದ್ದರು. ಆಮೇಲೆ, ‘ನಾಲ್ಕನೇ ದಿನ ನಾನು ಹತ್ತಿದೀನಿ ಕಣಯ್ಯ’ ಅಂದರು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತಂತೆ. ನಾಲ್ಕನೆಯ ಹೆರಿಗೆಯಲ್ಲಿ ಅವರ ಮನೆಯವರು ಹಾಸಿಗೆ ಹಿಡಿದಿದ್ದರು. ಇವರು ಯಾರೂ ಗುರುತಿಲ್ಲದ ಊರಿಗೆ ಹೋಗಿ ಮಾಡಿಸಿಕೊಂಡು ಬಂದರು. ಬಂದು ಎಲ್ಲರಿಗೂ, ಆಪರೇಷನ್ ಆಗಿದ್ದು ಹೆಂಡತಿಗೆ ಎಂದು ಹೇಳಿದರು. ಆ ತಾಯಿ ಹೂಂಗುಟ್ಟಿದರು. ನೆಂಟರು ಬಂದು ನೋವಿದೆಯಾ ಎಂದರೆ ಇದೆ ಎಂದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರಂತೆ.

‘ನನ್ನ ಮಾನ ಉಳಿಸೋಕೆ ಅವಳು ಇಲ್ಲದ ಗಾಯ ಹೊತ್ಕೊಂಡಳು. ನಂಗೆ ನೋವಾಗಿದ್ದು ಎರಡು ದಿನ. ಸುಳ್ಳು ಮಾತ್ರ ಇಪ್ಪತ್ತೆರಡು ವರ್ಷ ನೋಯ್ತು’ ಅಂದರು. ಇಷ್ಟು ಹೇಳಿ ಹಿಡಿಕೆ ಉಜ್ಜುವುದನ್ನು ಮುಂದುವರಿಸಿದರು. ಅದು ಆಗಲೇ ಮುಖ ಕಾಣುವಷ್ಟು ಹೊಳೆಯುತ್ತಿತ್ತು.

ಜೂನ್ ಹನ್ನೆರಡಕ್ಕೆ ಬರುತ್ತೇನೆ. ಡಾಕ್ಟರಮ್ಮನ ಹತ್ತಿರ ನನ್ನ ಹೆಸರಿಗೆ ದಿನ ಕೇಳಿಡು. ಹೆದರಿಕೆ ಇದೆ. ಆದರೂ ಕೇಳಿಡು.

ನಿನ್ನವನು


ಜೂನ್ 7

ಇವರೇ,

ಹದಿನೆಂಟಕ್ಕೆ ದಿನ ಸಿಕ್ಕಿದೆ, ಬೆಳಿಗ್ಗೆ ಹತ್ತಕ್ಕೆ. ಮನಸ್ಸು ಬದಲಾದರೆ ಹೇಳಿ, ಬೈಯುವುದಿಲ್ಲ.

ಹುಟ್ಟಿದ ದಿನದ ಮಗುವನ್ನು ನಿಮ್ಮ ಕೈಗೆ ಕೊಡಲು ನನ್ನಿಂದ ಆಗಲಿಲ್ಲ. ಮೀಸೆ ನೋಡಿ ಕಿರುಚಿದ ದಿನ ನೀವು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತಿರಿ. ಬೀಡಿ ಸೇದಲು ಹೋಗಿದ್ದೀರಿ ಎಂದು ತಿಳಿದಿದ್ದೆ. ಈಗ ಗೊತ್ತಾಯಿತು. ಇಷ್ಟು ವರ್ಷ ನಾವಿಬ್ಬರೂ ಬಾಟಲಿಗೆ ಬಿರಡೆ ಹಾಕಿದ ಹಾಗೆ ಬಾಯಿ ಮುಚ್ಚಿಕೊಂಡಿದ್ದೆವು.

ಬೇಗ ಬನ್ನಿ. ಕಾಗದ ಸಾಕು.

ನಿಮ್ಮವಳು


ಜುಲೈ 17

ಇವಳೇ,

ರಜೆ ಕಳೆದದ್ದೇ ತಿಳಿಯಲಿಲ್ಲ. ಮೆಟ್ಟಿಲು ಹತ್ತುತ್ತಿದ್ದೇನೆ, ಏನೂ ಆಗಿಲ್ಲ. ಹಿರಿಯರು ಪ್ರತಿದಿನ ಕೆಳಗೆ ನಿಂತು ‘ಎಂಬತ್ತು ಮೆಟ್ಟಿಲಾಯ್ತಾ?’ ಎಂದು ಕೂಗಿ ತಮಾಷೆ ಮಾಡುತ್ತಾರೆ.

ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಒಳಗೆ ಆದದ್ದನ್ನು ಎದುರಿಗೆ ಹೇಳಲಾಗಲಿಲ್ಲ. ಕಾಗದದಲ್ಲಾದರೆ ನೀನು ನಗುವುದು ಕೇಳಿಸುವುದಿಲ್ಲ. ಹೆಸರು ಕರೆಯುವ ಮೊದಲು ಕೈಕಾಲು ತೊಳೆದು ಬರುತ್ತೇನೆಂದು ಹೋದೆನಲ್ಲ, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ನೀರಿನ ಟ್ಯಾಂಕಿನ ಮರೆಯಲ್ಲಿ ಕೂತಿದ್ದೆ. ಹತ್ತು ನಿಮಿಷ. ಕಾಂಪೌಂಡರು ಹುಡುಕಿಕೊಂಡು ಬಂದ. ಬೈಯುತ್ತಾನೆ ಎಂದುಕೊಂಡರೆ, ‘ಎಲ್ಲರೂ ಇಲ್ಲೇ ಕೂರ್ತಾರೆ ಸಾರ್, ಬನ್ನಿ’ ಅಂದ. ಒಂದು ಸೂಜಿ ಚುಚ್ಚಿದ್ದು ಗೊತ್ತಾಯಿತು. ಆಮೇಲೆ ಡಾಕ್ಟರು ಮಳೆಯ ವಿಷಯ ಮಾತಾಡುತ್ತಿದ್ದರು, ಮಾತು ಮುಗಿಯುವಷ್ಟರಲ್ಲಿ ಕೆಲಸವೂ ಮುಗಿದಿತ್ತು. ಪುಟ್ಟಿಗೆ ಹಲ್ಲು ತಿಕ್ಕಿಸುವುದು ಇದಕ್ಕಿಂತ ಕಷ್ಟ.

ಇನ್ನೊಂದು. ಸಹಿ ಹಾಕುವ ಕಾಗದದಲ್ಲಿ ಹೆಂಡತಿಯ ಸಹಿಗೆ ಜಾಗ ಹುಡುಕಿದೆ, ಇರಲಿಲ್ಲ. ಕೇಳಿದರೆ, ‘ನಿಮ್ಮ ಮೈ, ನಿಮ್ಮ ಸಹಿ ಸಾಕು’ ಅಂದ ಕಾಂಪೌಂಡರು. ಹಾಗಾದರೆ ಅವಳ ಕಾಗದದಲ್ಲಿ ನನ್ನ ಸಹಿ ಯಾಕೆ ಬೇಕಿತ್ತಪ್ಪಾ ಎಂದೆ. ಇದುವರೆಗೆ ಅವನನ್ನು ಹಾಗೆ ಯಾರೂ ಕೇಳಿರಲಿಲ್ಲವಂತೆ.

ಮೂರು ತಿಂಗಳು ಎಚ್ಚರಿಕೆ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದನ್ನು ನೀನು ನನಗೆ ಏಳು ಸಲ ಹೇಳಿದೆ. ನೆನಪಿದೆ. ಸೆಪ್ಟೆಂಬರ್ ಕೊನೆಗೆ ಎರಡು ವಾರ ರಜೆ ಹಾಕಿ ಬಂದು ಪರೀಕ್ಷೆಗೆ ಕೊಡುತ್ತೇನೆ.

ಯಾರಾದರೂ ಕೇಳಿದರೆ ಆಪರೇಷನ್ ಆಗಿದ್ದು ನಿನಗೆ ಎಂದು ಹೇಳಬೇಡ.

ನಿನ್ನವನು


ಜುಲೈ 30

ಇವರೇ,

ನಕ್ಕೆ. ಕೇಳಿಸದಿದ್ದರೆ ನಿಮ್ಮ ಅದೃಷ್ಟ. ಅತ್ತೆಗೂ ಓದಿ ಹೇಳಿದೆ, ಅವರು ನಕ್ಕದ್ದು ನಿಮ್ಮ ದ್ವೀಪಕ್ಕೂ ಕೇಳಿಸಿರಬೇಕು.

ಮೇಜಿನ ಮುಂದೆ ಎಂಟು ಜನರ ನಡುವೆ ನಿಲ್ಲುವುದು ಮೊದಲ ದಿನ ಪರೀಕ್ಷೆ ಬರೆದ ಹಾಗಿತ್ತು. ಈಗ ಅಭ್ಯಾಸವಾಗಿದೆ. ರಕ್ತವೂ ಏರಿದೆ. ಮಹಡಿಯ ಮೆಟ್ಟಿಲನ್ನು ಏದುಸಿರು ಬಿಡದೆ ಹತ್ತುತ್ತೇನೆ.

ಮೊನ್ನೆ ಮೇಲಿನ ಮನೆಯಾಕೆ ನಲ್ಲಿಯ ಹತ್ತಿರ, ‘ಆಪರೇಷನ್ ಆಯ್ತಂತೆ, ಭಾರ ಎತ್ತಬೇಡ್ರಿ’ ಎಂದು ನನ್ನ ಕೊಡಕ್ಕೆ ಕೈ ಹಾಕಿದರು. ‘ನನಗಲ್ಲ, ಅವರಿಗೆ’ ಅಂದೆ. ಅವರ ಕೈಯಿಂದ ಕೊಡ ಜಾರಿ ನನ್ನ ಕಾಲ ಮೇಲೆ ನೀರು. ಅತ್ತೆ ಬಾಗಿಲಲ್ಲಿ ನಿಂತು, ‘ನನ್ನ ಮಗನಿಗೆ, ನಾನೇ ಕಳಿಸಿದ್ದು’ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ಸಂಜೆ ಆಕೆ ಮತ್ತೆ ಬಂದು, ಬಾಗಿಲು ಅರ್ಧ ಮುಚ್ಚಿ, ‘ನಮ್ಮನೆಯವರ ಜೊತೆ ನಿಮ್ಮವರು ಒಂದು ಸಲ ಮಾತಾಡ್ತಾರಾ?’ ಎಂದು ಕೇಳಿದರು. ಸೆಪ್ಟೆಂಬರಿಗೆ ಬರುತ್ತಾರೆ ಎಂದಿದ್ದೇನೆ. ನೀರಿನ ಟ್ಯಾಂಕಿನ ವಿಷಯದಿಂದಲೇ ಶುರುಮಾಡಿ.

ನಿಮ್ಮವಳು


ಅಕ್ಟೋಬರ್ 9

ಇವರೇ,

ಪರೀಕ್ಷೆಯ ಫಲಿತಾಂಶ ಬಂತು. ಎಲ್ಲ ಸರಿಯಾಗಿದೆ, ಇನ್ನು ಯಾವ ಚಿಂತೆಯೂ ಬೇಡ ಎಂದರು ಡಾಕ್ಟರಮ್ಮ. ಆಸ್ಪತ್ರೆಯಿಂದ ಮನೆಗೆ ಬಸ್ಸು ಹತ್ತದೆ ನಡೆದೇ ಬಂದೆ. ಎಷ್ಟೋ ವರ್ಷದಿಂದ ತಿಂಗಳ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ. ಇವತ್ತು ಅಂಗಡಿಗಳ ಬೋರ್ಡು ಓದುತ್ತಾ ಬಂದೆ.

ಮೇಲಿನ ಮನೆಯವರು ನಿಮ್ಮ ಜೊತೆ ಮಾತಾಡಿದ ಮೇಲೆ ಇನ್ನೂ ಯೋಚಿಸುತ್ತಿದ್ದಾರಂತೆ. ಪೇಪರ್ ಮಗುಚುವುದನ್ನಂತೂ ನಿಲ್ಲಿಸಿದ್ದಾರೆ.

ನೀವು ಬರೆದ ಅರ್ಜಿಗೆ ಇಲಾಖೆ ಒಪ್ಪಿದೆ ಎಂದು ದೋಣಿಯವ ಹೇಳಿದ. ಸಮುದ್ರ ಶಾಂತವಿರುವಾಗ ಮನೆಯವರು ಇಲಾಖೆಯದೇ ದೋಣಿಯಲ್ಲಿ ಬಂದು ಒಂದು ವಾರ ದ್ವೀಪದಲ್ಲಿ ಇರಬಹುದಂತೆ. ಮಕ್ಕಳಿಗೆ ಶಾಲೆಯ ರಜೆ ನವೆಂಬರ್ ಮೊದಲ ವಾರ. ಅತ್ತೆ ಆಗಲೇ ಚೀಲ ತುಂಬಿಟ್ಟಿದ್ದಾರೆ. ನಾಲ್ಕೂ ಜನ ಬರುತ್ತೇವೆ.

ನಿಮ್ಮವಳು


ನವೆಂಬರ್ 13

ಇವಳೇ,

ನೀವು ಹೊರಟು ನಾಲ್ಕು ದಿನವಾಯಿತು. ಬಂಡೆಗಳ ಮೇಲೆ ದೊಡ್ಡವಳು ಸೀಮೆಸುಣ್ಣದಲ್ಲಿ ಬರೆದ ಭಾಗಾಕಾರದ ಲೆಕ್ಕಗಳು ಇನ್ನೂ ಅಳಿಸಿಲ್ಲ. ಎರಡು ತಪ್ಪಿವೆ, ಹೇಳು.

ನೀನು ಮಕ್ಕಳ ಜೊತೆ ಕೆಳಗೆ ದಡದಲ್ಲಿದ್ದಾಗ ಒಂದು ಸಂಗತಿ ನಡೆಯಿತು. ಹಿರಿಯರು ಅಮ್ಮನ ಮುಂದೆ ಟೀ ಲೋಟ ಇಟ್ಟು, ಗಂಟಲು ಸರಿಮಾಡಿಕೊಂಡು, ‘ಅಮ್ಮಾ, ನಂಗೂ ಆಗಿದೆ, ಆಪರೇಷನ್ನು, ಇಪ್ಪತ್ತೆರಡು ವರ್ಷ ಆಯ್ತು’ ಅಂದರು. ಅಮ್ಮ ಅವರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ‘ಅದಕ್ಕೇನೀಗ? ಟೀಗೆ ಸಕ್ಕರೆ ಕಮ್ಮಿ’ ಅಂದರು. ಹಿರಿಯರು ಸಕ್ಕರೆ ತರಲು ಹೋದವರು ಒಳಗೆ ಒಬ್ಬರೇ ನಗುತ್ತಿದ್ದರು. ಮುಂದಿನ ರಜೆಯಲ್ಲಿ ತಮ್ಮ ಮಕ್ಕಳಿಗೂ ನಿಜ ಹೇಳುತ್ತಾರಂತೆ, ಹೆಂಡತಿಯ ಮುಂದೆಯೇ.

ಪುಟ್ಟಿಯ ಸುದ್ದಿ ನಿನಗೆ ಗೊತ್ತೇ ಇದೆ, ಆದರೆ ಅದು ಆದದ್ದು ನನ್ನ ಕೈಯಲ್ಲಿ, ಆದ್ದರಿಂದ ನಾನೇ ಬರೆಯುತ್ತೇನೆ. ಇಷ್ಟು ವರ್ಷ ನೀನು ಬರೆದೆ, ನಾನು ಓದಿದೆ.

ಮೇಲೆ ದೀಪದ ಕೋಣೆಯಲ್ಲಿ ಗಾಜು ಒರೆಸಲು ಅವಳಿಗೂ ಒಂದು ಬಟ್ಟೆ ಕೊಟ್ಟಿದ್ದೆ. ಒರೆಸಿದ್ದಕ್ಕಿಂತ ಬೆರಳಚ್ಚು ಮೂಡಿಸಿದ್ದೇ ಹೆಚ್ಚು. ಮಧ್ಯೆ ಬಿಸ್ಕತ್ತು ಕಚ್ಚಿದವಳು ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಬಾಯಿಗೆ ಬೆರಳು ಹಾಕಿ, ಏನನ್ನೋ ತೆಗೆದು, ನನ್ನ ಅಂಗೈಯಲ್ಲಿ ಇಟ್ಟಳು. ‘ಅಪ್ಪಾ, ಮುರಿದೋಯ್ತು’ ಎಂದು ಅಳಲು ಶುರುಮಾಡಿದಳು. ‘ಮುರಿದಿದ್ದಲ್ಲ ಪುಟ್ಟಿ, ದೊಡ್ಡವಳಾದೆ’ ಅಂದೆ. ಅಳು ನಿಂತಿತು. ಗಾಜಿನಲ್ಲಿ ಬಾಯಿ ಅಗಲಿಸಿ ನೋಡಿಕೊಂಡಳು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಆ ಹಲ್ಲು, ಇನ್ನೂ ಬೆಚ್ಚಗಿತ್ತು. ನಾನು ಕೈ ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ನಿಂತೆ.

ಆಮೇಲೆ ಕೆಳಗಿಳಿದು ದಿನಚರಿಯ ಪುಸ್ತಕ ತೆರೆದೆ. ಗಾಳಿ, ಅಲೆ, ಹಾದುಹೋದ ಹಡಗು ಬಿಟ್ಟು ಬೇರೇನೂ ಅದರಲ್ಲಿ ಬರೆಯುವ ಹಾಗಿಲ್ಲ. ಬರೆದೆ: ‘ಬೆಳಿಗ್ಗೆ 7.40. ಗಾಳಿ ಪಶ್ಚಿಮದಿಂದ, ಸಾಧಾರಣ. ಆಕಾಶ ಶುಭ್ರ. ಪುಟ್ಟಿಯ ಮೊದಲ ಹಲ್ಲು ಬಿತ್ತು.’ ಹಿರಿಯರು ಕನ್ನಡಕ ಏರಿಸಿ ಓದಿದರು. ಹೊಡೆದುಹಾಕು ಎನ್ನುತ್ತಾರೆ ಎಂದುಕೊಂಡೆ. ಪೆನ್ನು ತೆಗೆದುಕೊಂಡು ಕೆಳಗೆ ‘ನೋಡಿದೆ’ ಎಂದು ಬರೆದು ರುಜು ಹಾಕಿದರು.

ನಿನ್ನವನು